ಒಡೆತನ ಸರ್ಕಾರದ್ದಾದರಷ್ಟೇ ಸಾಲದು

ಇಂಧನ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿದರೆ ಸಾಕು, ಬಡವರ ಬದುಕು ಹಸನಾಗುತ್ತದೆ ಎಂಬ ವಾದದಲ್ಲಿ ಇರುವುದು ಅರ್ಧ ಸತ್ಯ. ಬೊಲಿವಿಯಾದ ಎಡಪಂಥೀಯ ಅಧ್ಯಕ್ಷ ಇವೊ ಮೊರಾಲೆಸ್ 2006ರ ಮೇ 1ರಂದು ನೈಸರ್ಗಿಕ ಅನಿಲವನ್ನು ಸರ್ಕಾರದ ಹಿಡಿತಕ್ಕೆ ತಂದರು. ಬೊಕ್ಕಸ ತುಂಬಿತು, ಬಡತನವೂ ಇಳಿಯಿತು, ಇದನ್ನು ಅಲ್ಲಗಳೆಯಲಾಗದು. ಆದರೆ ಹೊಸ ನಿಕ್ಷೇಪಗಳ ಶೋಧಕ್ಕೆ ಸಾಕಷ್ಟು ಹಣ ತೊಡಗಿಸಲಿಲ್ಲ. 2014ರ ನಂತರ ಉತ್ಪಾದನೆ ಕುಸಿಯುತ್ತಾ ಹೋಗಿ, ಕೊನೆಗೆ ಡೀಸೆಲ್ ಆಮದಿಗೂ ಡಾಲರ್ ಹೊಂದಿಸಲು ಆ ದೇಶ ಪರದಾಡಬೇಕಾಯಿತು.

ನಮ್ಮ ಮಂಡ್ಯ ಜಿಲ್ಲೆಗೆ ಸರ್ಕಾರಿ ವಿದ್ಯುತ್ ಹೊಸದಲ್ಲ. 1902ರಲ್ಲೇ ಮೈಸೂರು ಸಂಸ್ಥಾನವು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಒದಗಿಸಿತ್ತು. ವಿತರಣೆ ಮುಂದೆಯೂ ಸರ್ಕಾರದ ಕೈಯಲ್ಲೇ ಇರಬೇಕು ಎಂಬುದು ನನ್ನ ದೃಢ ನಿಲುವು. ಆದರೆ ಉಚಿತ ವಿದ್ಯುತ್ತಿಗೆ ಸರ್ಕಾರ ಕೊಡುವ ಸಹಾಯಧನ ವಿತರಣಾ ಕಂಪನಿಗಳ ಕೈಸೇರುವುದು ತಡವಾದರೆ ಹಳೆಯ ತಂತಿ, ಟ್ರಾನ್ಸ್‌ಫಾರ್ಮರ್ ಬದಲಿಸಲು ಹಣವೆಲ್ಲಿಂದ ಬರಬೇಕು? ವೋಲ್ಟೇಜ್ ಕುಸಿದು ಪಂಪ್‌ಸೆಟ್‌ ಮೋಟಾರಿನ ಕಾಯಿಲ್ ಸುಟ್ಟರೆ ರಿಪೇರಿಯ ಖರ್ಚು ರೈತನದೇ. ಅಷ್ಟರಲ್ಲಿ ಕಬ್ಬಿನ ಗರಿಯೂ ಒಣಗತೊಡಗಿರುತ್ತದೆ. 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಹೇಳುವಂತೆ ಸರ್ಕಾರ ಸಹಾಯಧನವನ್ನು ಮುಂಗಡವಾಗಿಯೇ ಪಾವತಿಸಲಿ. ವಿತರಣಾ ಕಂಪನಿಗಳ ಆದಾಯದ ಒಂದು ಪಾಲನ್ನು ಹಳ್ಳಿಗಳ ಮಾರ್ಗ ನವೀಕರಣಕ್ಕೆಂದೇ ಮೀಸಲಿಡಲಿ.

– ಕಬ್ಬು ಬೆಳೆಗಾರ, ಮಳವಳ್ಳಿ