ನನ್ನ ಜೊತೆ ನಡೆದವರಿಗೆ

ಹೋದ ವಾರ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ, ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಸೆಂಟರಿನಲ್ಲಿ, ಸಿಸ್ಟರ್ ನನ್ನ ಬಿಪಿ ಎರಡು ಸಲ ನೋಡಿದರು. 128/82. ಹೋದ ಜೂನ್‌ನಲ್ಲೂ ಎರಡು ಸಲ ನೋಡಿದ್ದರು. ಅವತ್ತು 164/102, ಸಿಸ್ಟರ್ ಮುಖವೂ ಬೇರೆ ಥರ ಇತ್ತು. ತೀರ್ಥಹಳ್ಳಿ ಬಸ್ಸಿನಲ್ಲಿ ವಾಪಸ್ ಬರುವಾಗಲೇ ಇದನ್ನು ಬರೆಯಬೇಕು ಅನ್ನಿಸಿತು. ಯಾರ ಹೆಸರೂ ಹಾಕುವುದಿಲ್ಲ. ನನ್ನದೂ ಇಲ್ಲ.

2009ರಿಂದ ಎಆರ್‌ಟಿ ಮಾತ್ರೆ ತಗೊಳ್ಳುತ್ತಿದ್ದೇನೆ. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಕಡಿಮೆ. ಎಚ್‌ಐವಿಯನ್ನೇ ಹಿಡಿದಿಟ್ಟವಳು ಅಂತ ಸ್ವಲ್ಪ ಜಂಬವೂ ಇತ್ತು. ಬಿಪಿ ಯಾವಾಗ ಬಂತೋ ಗೊತ್ತೇ ಆಗಲಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ. ವೈರಸ್ ಅಡಗಿ ಕೂತಿದ್ದರೂ ಮೈಯೊಳಗೆ ಸಣ್ಣ ಉರಿಯೂತ ಇರುತ್ತದೆ, ರಕ್ತನಾಳಕ್ಕೆ ಅದು ಒಳ್ಳೆಯದಲ್ಲ ಅಂತ ಡಾಕ್ಟರಮ್ಮ ಬಿಡಿಸಿ ಹೇಳಿದರು. ಡೊಲುಟೆಗ್ರಾವಿರ್ ಅನ್ನೋ ಔಷಧಿ ಇರುವ ಎಆರ್‌ಟಿ ಮಾತ್ರೆ ಶುರುವಾದ ಮೇಲೆ ಕೆಲವರಿಗೆ ತೂಕ ಏರುತ್ತದಂತೆ. ನನಗೆ ಏಳು ಕೆಜಿ ಏರಿತ್ತು. ದಿನಕ್ಕೊಂದು ಬಿಪಿ ಮಾತ್ರೆ ಕೊಟ್ಟು, ವಾರಕ್ಕೆ 150 ನಿಮಿಷ ಬಿರುಸಾಗಿ ನಡೀರಿ ಅಂದರು. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಬಿರುಸು.

ಅಡಿಕೆ ಸುಲಿಯೋದೂ ವ್ಯಾಯಾಮ ಅಲ್ವಾ ಅಂತ ವಾದ ಮಾಡಿದೆ. "ಅದನ್ನ ಕೂತು ಮಾಡ್ತೀರೋ, ನಿಂತು ಮಾಡ್ತೀರೋ?" ಅಂದರು. ಮೆಟ್ಟುಗತ್ತಿ ಮುಂದೆ ಕೂತರೆ ನಾನು ಮಧ್ಯಾಹ್ನದವರೆಗೆ ಏಳುವವಳಲ್ಲ. ಸುಮ್ಮನಾದೆ. ಡಾಕ್ಟರಮ್ಮನಿಗೆ ಮೊದಲ ನಮಸ್ಕಾರ.

ಕೌನ್ಸೆಲರ್‌ಗೆ ಎರಡನೆಯದು, ಬೈದಿದ್ದಕ್ಕೆ. ಮೂರು ತಿಂಗಳಿಗೆ ಬಿಪಿ 140ರ ಕೆಳಗೆ ಬಂತು ಅಂತ ಮಾತ್ರೆ ನಾನೇ ಬಿಟ್ಟೆ. ಹದಿನೈದೇ ದಿನಕ್ಕೆ ಮತ್ತೆ 150 ದಾಟಿತು. "ಎಆರ್‌ಟಿ ಒಂದು ದಿನ ತಪ್ಪಿಸದವರು ಇದನ್ನ ಹೇಗೆ ಬಿಟ್ರಿ?" ಅಂದರು. ನಡಿಗೆಯಿಂದ ಮೇಲಿನ ನಂಬರು ಸಾಮಾನ್ಯವಾಗಿ 5ರಿಂದ 8 ಇಳಿಯಬಹುದು, ಉಳಿದದ್ದಕ್ಕೆ ಮಾತ್ರೆ ಬೇಕೇ ಬೇಕು ಅಂತ ಆಮೇಲೆ ಗೊತ್ತಾಯಿತು. ಹಿಂದೊಮ್ಮೆ ಒಂದು ಕ್ಲಿನಿಕ್ಕಿನಲ್ಲಿ ನನ್ನ ಫೈಲ್ ನೋಡಿ, ಬಿಪಿ ಪಟ್ಟಿ ಕಟ್ಟೋಕೂ ಹಿಂದೆಮುಂದೆ ನೋಡಿದ್ದರು. ಹಾಗೆ ಭೇದ ಮಾಡುವಂತಿಲ್ಲ, 2017ರ ಎಚ್‌ಐವಿ ಕಾಯ್ದೆಯೇ ಇದೆ ಅಂತ ಹೇಳಿಕೊಟ್ಟವರೂ ಇವರೇ.

ಅತ್ತಿಗೆಗೆ ಏನು ಹೇಳಲಿ? 2009ರಲ್ಲಿ ಎಲ್ಲರೂ ನನ್ನ ಲೋಟ ಬೇರೆ ಇಟ್ಟಾಗ ಅದೇ ಲೋಟದಲ್ಲಿ ಕಾಫಿ ಕುಡಿದವಳು. ವರ್ಷವೂ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುತ್ತಾಳೆ. ಉಪ್ಪು ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಮ್ಮಿ ಇರಬೇಕಂತೆ ಅಂತ ಫೋನಿನಲ್ಲಿ ಹೇಳಿದ್ದೆ. ಉಪ್ಪು ಕಮ್ಮಿ ಹಾಕಿದರೆ ಮಿಡಿ ಕೆಡುತ್ತದಲ್ಲ. ಹಾಗಾಗಿ ಈ ಸಲ ಭರಣಿ ಬದಲು ಒಂದು ಹಾರ್ಲಿಕ್ಸ್ ಬಾಟ್ಲಿ ಬಂತು. ಮುಚ್ಚಳದ ಮೇಲೆ ಚೀಟಿ: "ಭಾನುವಾರ ಮಾತ್ರ."

ಇನ್ನು ಪಕ್ಕದ ಮನೆ ಅಕ್ಕ. ಅವರಿಗೆ ನನ್ನ ಬಿಪಿ ಮಾತ್ರ ಗೊತ್ತು. ಇಷ್ಟು ವರ್ಷ ಬಾಯಿ ಬಿಡಲಾಗದ ಕಾಯಿಲೆ ಇಟ್ಟುಕೊಂಡವಳಿಗೆ, ಬೇಲಿ ಆಚೆಗೆ ಕೂಗಿ ಹೇಳಬಹುದಾದ ಕಾಯಿಲೆ ಒಂದು ಸಿಕ್ಕಿದ್ದೂ ಒಂಥರಾ ಹಗುರ. "ನಂಗೂ ಶುಗರ್ ಇದೆ, ಬಾರೇ ಮಾರಾಯ್ತಿ, ಒಟ್ಟಿಗೆ ಹೋಗಣ" ಅಂದರು. ಅವತ್ತಿಂದ ಬೆಳಿಗ್ಗೆ ಐದೂವರೆಗೆ ಟಾರ್ಚ್ ಹಿಡಿದು ಬರುತ್ತಾರೆ. ಆರಿದ್ರಾ ಮಳೆ ಹಿಡಿದರೆ ರಸ್ತೆ ತುಂಬ ಇಂಬಳ. ಆಗ ನಮ್ಮ ಜಗಲಿಯೇ ದಾರಿ. ಉದ್ದ 22 ಹೆಜ್ಜೆ. ಒಂದು ಸುತ್ತಿಗೆ ಒಂದು ಹುಣಸೆ ಬೀಜ ಈ ತಟ್ಟೆಯಿಂದ ಆ ತಟ್ಟೆಗೆ ಹಾಕುತ್ತಾರೆ.

ಮೊನ್ನೆ ಅವರಿಗೂ ಉಳಿದದ್ದನ್ನು ಹೇಳಿಬಿಡೋಣ ಅಂತ ಬಾಯಿ ತೆರೆದೆ. "ಅಕ್ಕಾ, ನಂಗೆ..."

"ಮಾತಾಡಬೇಡ್ವೇ, ಲೆಕ್ಕ ತಪ್ಪುತ್ತೆ" ಅಂದರು.