ಇಂಗ್ಲಿಷ್ ತರಗತಿಯ ಬಗ್ಗೆ ಬರೆದ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಪ್ರಬಂಧ ತಲುಪಿತು. ಕಾಲೇಜಿನ ಇಂಗ್ಲಿಷ್ ತರಗತಿ ವಿದ್ಯಾರ್ಥಿಗೆ ಏಕೆ ಹಿಡಿಸುತ್ತದೆ ಎಂಬುದನ್ನು ಹೇಳಹೊರಟ ನೀನು ಅಧ್ಯಾಪಕರ ಹಾಸ್ಯಪ್ರಜ್ಞೆ, ತರಗತಿಯಲ್ಲಿ ತೋರಿಸುವ ಸಿನಿಮಾ, ಗುಂಪುಚರ್ಚೆ ಎಂದೆಲ್ಲ ಬರೆಯುತ್ತಾ ಹೋಗಿದ್ದೀಯೆ. ಪ್ಯಾರಾಗಳ ಜೋಡಣೆ, ಅಲ್ಪವಿರಾಮಗಳ ಬಗ್ಗೆ ನೀನು ಕೇಳಿದ ಪ್ರಶ್ನೆಗಳಿಗೆ ಯಾವ ಸಂಪಾದಕರಾದರೂ ಉತ್ತರಿಸಿಯಾರು. ನನ್ನನ್ನು ಕಾಡಿದ್ದು, ಸಾಹಿತ್ಯದ ತರಗತಿಯ ಬಗ್ಗೆ ಬರೆದ ಇಷ್ಟು ಪುಟಗಳಲ್ಲಿ ಅಲ್ಲಿ ಓದಿದ ಒಂದು ಸಾಲೂ ಇಲ್ಲದಿರುವುದು.

ನಾಲ್ಕನೆಯ ಪುಟದಲ್ಲಿ ಮಾತ್ರ, ‘ಆ ಪದ್ಯ ನನಗೆ ಅರ್ಥವಾಗಲಿಲ್ಲ, ಆದರೂ ಗಂಟೆ ಬಾರಿಸಿದ್ದು ಗೊತ್ತಾಗಲಿಲ್ಲ’ ಎಂದು ಬರೆದು, ಏನೋ ತಪ್ಪು ಮಾಡಿದವಳಂತೆ ಮುಂದಿನ ವಾಕ್ಯಕ್ಕೆ ಓಡಿಬಿಟ್ಟಿದ್ದೀಯೆ. ಅಲ್ಲಿಯೇ ನಿಲ್ಲಬೇಕಿತ್ತಲ್ಲವೇ, ತಂಗಿ? ಅರ್ಥವಾಗದ ಪದ್ಯವೊಂದು ಒಂದು ಗಂಟೆ ನಿನ್ನನ್ನು ಹಿಡಿದಿಟ್ಟಿದ್ದು ಹೇಗೆ ಎಂಬುದನ್ನು ಹೇಳದೆ ಅಧ್ಯಾಪಕರ ನಗೆಚಟಾಕಿಗಳನ್ನು ವರ್ಣಿಸಿದರೆ ಯಾರಿಗೆ ಪ್ರಯೋಜನ?

ಇಂಗ್ಲಿಷ್ ವಿಮರ್ಶಕ ಐ.ಎ. ರಿಚರ್ಡ್ಸ್ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಕವಿಯ ಹೆಸರನ್ನು ತಿಳಿಸದೆ ಪದ್ಯಗಳ ಪ್ರತಿಗಳನ್ನು ಹಂಚಿ, ವಿದ್ಯಾರ್ಥಿಗಳು ಬರೆದುಕೊಟ್ಟ ಅಭಿಪ್ರಾಯಗಳನ್ನೇ ಮುಂದಿನ ಉಪನ್ಯಾಸದ ವಸ್ತುವಾಗಿಸಿಕೊಳ್ಳುತ್ತಿದ್ದರು; 1929ರಲ್ಲಿ ಪ್ರಕಟವಾದ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಅವರ ಪುಸ್ತಕ ಹುಟ್ಟಿದ್ದು ಹೀಗೆ. ಜಾನ್ ಡನ್‌ನಂತಹ ಹೆಸರಾಂತ ಕವಿಯ ಸಾನೆಟ್ಟನ್ನೂ (ಹದಿನಾಲ್ಕು ಸಾಲಿನ ಪದ್ಯ) ಆ ವಿದ್ಯಾರ್ಥಿಗಳಲ್ಲಿ ಹಲವರು ಮುಲಾಜಿಲ್ಲದೆ ತಳ್ಳಿಹಾಕಿದ್ದರು. ವಿದ್ಯಾರ್ಥಿಗಳಿಗೆ ಓದಲು ಬಾರದು ಎನ್ನುವುದಕ್ಕೆ ಇದನ್ನು ಪುರಾವೆಯಾಗಿ ಮುಂದಿಡುವವರಿದ್ದಾರೆ. ಆದರೆ ಮೆಚ್ಚಲೇಬೇಕೆಂಬ ಹಂಗಿಲ್ಲದೆ ಓದಿ, ಅನಿಸಿದ್ದನ್ನು ಬರೆದು, ಅದನ್ನು ಅಧ್ಯಾಪಕರು ಗಂಭೀರವಾಗಿ ಎತ್ತಿಕೊಳ್ಳುವುದನ್ನು ಕೇಳುವ ಭಾಗ್ಯ ಎಷ್ಟು ಮಂದಿಗೆ ಸಿಕ್ಕೀತು? ನನಗಂತೂ ಸಿಗಲಿಲ್ಲ. ನಮ್ಮ ಅಧ್ಯಾಪಕರೊಬ್ಬರು ಪದ್ಯವನ್ನು ಓದುವ ಮೊದಲೇ ಅದರ ಸಾರಾಂಶವನ್ನು ಬರೆಸುತ್ತಿದ್ದರು. ತೀರ್ಪು ಮೊದಲು, ವಿಚಾರಣೆ ಆಮೇಲೆ ಎಂಬಂತಿದ್ದ ಆ ಪಾಠಗಳ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ.

ಚರ್ಚೆಗೆ ದೊಡ್ಡ ವಿಷಯವೇ ಬೇಕೆಂದೂ ಇಲ್ಲ. 1886ರಲ್ಲಿ ತೀರಿಕೊಂಡ ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್‌ಳ ಕವಿತೆಗಳು 1890ರಲ್ಲಿ ಮೊದಲ ಸಲ ಪುಸ್ತಕವಾಗಿ ಬಂದಾಗ, ಅವಳು ಎಳೆದಿದ್ದ ಅಡ್ಡಗೆರೆಗಳಲ್ಲಿ (ಡ್ಯಾಶ್) ಬಹುಪಾಲನ್ನು ಸಂಪಾದಕರು ತೆಗೆದು ರೂಢಿಯ ವಿರಾಮಚಿಹ್ನೆಗಳನ್ನು ಹಾಕಿದ್ದರು. ಆ ಗೆರೆಗಳು 1955ರ ಆವೃತ್ತಿಯಲ್ಲಿ ಮರಳಿ ಬಂದವು. ಒಂದೇ ಕವಿತೆಯ ಈ ಎರಡೂ ರೂಪಗಳನ್ನು ಅಧ್ಯಾಪಕರು ತರಗತಿಯಲ್ಲಿ ಒಬ್ಬೊಬ್ಬರಿಂದ ಗಟ್ಟಿಯಾಗಿ ಓದಿಸಿ ನೋಡಲಿ. ಗೆರೆ ಬಂದಲ್ಲಿ ಒಬ್ಬಳು ಉಸಿರು ಹಿಡಿಯುತ್ತಾಳೆ, ಇನ್ನೊಬ್ಬ ಅದನ್ನು ಗಮನಿಸದೆ ದಾಟುತ್ತಾನೆ, ಮೂರನೆಯವನಿಗೆ ಇಬ್ಬರದೂ ತಪ್ಪೆನಿಸುತ್ತದೆ, ಜಗಳ ಶುರುವಾಗುತ್ತದೆ. ಇಂಗ್ಲಿಷ್ ಅಷ್ಟಾಗಿ ಬಾರದ ವಿದ್ಯಾರ್ಥಿಯೂ ಈ ಜಗಳಕ್ಕೆ ಇಳಿಯಬಲ್ಲ, ಏಕೆಂದರೆ ಇಲ್ಲಿ ಕಿವಿಯೊಂದಿದ್ದರೆ ಸಾಕು. ಪರೀಕ್ಷೆಯಲ್ಲಿ ಇದಕ್ಕೆ ಅಂಕ ಬರುತ್ತದೆಯೇ ಎಂದು ಮಾತ್ರ ನನ್ನನ್ನು ಕೇಳಬೇಡ.

ನಿನ್ನ ಗೆಳತಿಯರು ಪ್ರಬಂಧವನ್ನು ಬಾಯ್ತುಂಬ ಹೊಗಳಿದರೆಂದು ಬರೆದಿದ್ದೀಯೆ. ಹೊಗಳಲಿ, ಸಂತೋಷ. ಆದರೆ ಮುಂದಿನ ಪ್ರತಿಯಲ್ಲಿ ಸಿನಿಮಾದ ಪ್ಯಾರಾ ಬೇಡ, ಗುಂಪುಚರ್ಚೆಯ ಲಾಭಗಳೂ ಬೇಡ. ಆ ಒಂದು ಗಂಟೆಯಷ್ಟೇ ಇರಲಿ: ಯಾವ ಸಾಲಿನಲ್ಲಿ ಎಡವಿದೆ, ಯಾರು ಏನೆಂದರು, ಯಾವ ಮಾತಿಗೆ ನಿನಗೆ ರೇಗಿತು. ಅರ್ಥವಾಗದ್ದು ಈಗಲೂ ಅರ್ಥವಾಗಿಲ್ಲವೆಂದರೆ ಹಾಗೆಂದೇ ಬರೆ. ಎರಡು ಪುಟವಾದರೂ ಸರಿ, ಕಳುಹಿಸು, ಓದುತ್ತೇನೆ.

ನಿನ್ನ ಹಿತೈಷಿ