ಅರ್ಧ ಪಗಾರ ಅಂದರೆ ಯಾವ ಅರ್ಧ?

ಸಂಪಾದಕರೇ,

ಗೋಕುಲ ರಸ್ತೆ, ತಾರಿಹಾಳ ಕಡೆ ಯಾವುದಾದರೂ ಸಣ್ಣ ಕಾರ್ಖಾನೆ ಬಾಗಿಲು ಹಾಕಿದರೆ ಕೆಲಸಗಾರರ ಬಾಯಲ್ಲಿ ಒಂದೇ ಮಾತು: 'ಇಎಸ್‌ಐದಾಗ ಮೂರು ತಿಂಗಳು ಅರ್ಧ ಪಗಾರ ಕೊಡ್ತಾರಂತ.' ಪಗಾರ ಲೆಕ್ಕ ಬರೆಯುವುದೇ ನನ್ನ ಕೆಲಸ. ಹಾಗಾಗಿ ನನ್ನನ್ನೇ ಬಂದು ಕೇಳುತ್ತಾರೆ. ಕೊಡುತ್ತಾರೆ, ನಿಜ. ಆದರೆ ಯಾವುದರ ಅರ್ಧ ಅನ್ನೋದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಇಎಸ್‌ಐ ಅಂದರೆ ಕಾರ್ಮಿಕರ ರಾಜ್ಯ ವಿಮೆ; ಕೆಲಸ ಹೋದವರಿಗೆ ಈ ದುಡ್ಡು ಕೊಡುವ ಅದರ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರ ಜುಲೈನಲ್ಲಿ ಶುರುವಾದಾಗ ದಿನದ ಸರಾಸರಿ ಗಳಿಕೆಯ ಶೇ 25 ಕೊಡುತ್ತಿದ್ದರು. ಕೊರೊನಾ ಬಂದ 2020ರಲ್ಲಿ ಅದು ಶೇ 50 ಆಯಿತು. ಹೆಚ್ಚೆಂದರೆ 90 ದಿನ, ಅದೂ ಜೀವನಕ್ಕೆಲ್ಲ ಸೇರಿ. ಈ ಸರಾಸರಿಗೆ ಕೊನೆಯ ತಿಂಗಳ ಪಗಾರ ಹಿಡಿಯುವುದಿಲ್ಲ. ಇಎಸ್‌ಐಗೆ ವಂತಿಗೆ ಕಟ್ಟುವ ಆರಾರು ತಿಂಗಳ ನಾಲ್ಕು ಅವಧಿಗಳ ಗಳಿಕೆ ಕೂಡಿಸಿ 730ರಿಂದ, ಅಂದರೆ ಎರಡು ವರ್ಷದ ದಿನಗಳಿಂದ, ಭಾಗಿಸುತ್ತಾರೆ.

ತಿಂಗಳಿಗೆ 14,600 ರೂಪಾಯಿಯಂತೆ ಎರಡು ವರ್ಷ ಬಿಡದೆ ದುಡಿದವನ ಗಳಿಕೆ 3,50,400. ದಿನಕ್ಕೆ 480, ಅದರರ್ಧ 240. 90 ದಿನಕ್ಕೆ 21,600. ಮೂರು ತಿಂಗಳ ಪಗಾರದ ಹತ್ತಿರ ಹತ್ತಿರ ಅರ್ಧ. ಇಲ್ಲಿ ತಕರಾರಿಲ್ಲ.

ಅವನ ಪಕ್ಕದ ಮಷಿನ್‌ನವನಿಗೂ ಅಷ್ಟೇ ಪಗಾರ. ಆದರೆ ನಡುವೆ ಆರ್ಡರ್ ಇಲ್ಲದೆ ಆರು ತಿಂಗಳು ಬಿಡಿಗಾಸಿಲ್ಲದೆ ಮನೆಯಲ್ಲಿ ಕೂತ ಅನ್ನಿ. ಅವನ ಗಳಿಕೆ 2,62,800. ಅದನ್ನೂ 730ರಿಂದಲೇ ಭಾಗಿಸಬೇಕು! ದಿನಕ್ಕೆ 360, ಅರ್ಧ 180, ಕೈಗೆ ಬರುವುದು 16,200. ಕೆಲಸವಿಲ್ಲದೆ ಕೂತ ತಿಂಗಳುಗಳೇ ಅವನ ಪರಿಹಾರ ತಿಂದವು. ಇದು ನಿರುದ್ಯೋಗಿಗೆ ಕೊಡುವ ದುಡ್ಡು ಅಲ್ವಾ?

ಕೆಲಸ ಸಿಗದ ಯುವಕರಿಗೆ ರಾಜ್ಯ ಸರ್ಕಾರ ಕೊಡುವ ಯುವನಿಧಿಯಲ್ಲಿ ಈ ಗೋಜಲಿಲ್ಲ. ಪದವಿಯಾದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಇನ್ನೂ ಪಗಾರವನ್ನೇ ಕಾಣದ ಹುಡುಗರಿಗೆ ಬೇರೆ ಹೇಗೆ ಲೆಕ್ಕ ಹಾಕೋದು? ಕಾರ್ಖಾನೆಯವನ ವಿಷಯ ಹಾಗಲ್ಲ. ಇಎಸ್‌ಐಗೆ ಅಂತ ಅವನ ಪಗಾರದಲ್ಲಿ ಶೇ 0.75 ಮುರಿದುಕೊಂಡಿದ್ದಾರೆ, ಮಾಲೀಕ ಶೇ 3.25 ಕಟ್ಟಿದ್ದಾನೆ. ಪಗಾರ ಬಂದ ತಿಂಗಳುಗಳ ದಿನಗಳಿಂದಷ್ಟೇ ಭಾಗಿಸಿದರೆ ಅವನಿಗೂ 240 ಸಿಗುತ್ತದೆ.

ನಿಯಮ ಬದಲಾಗುವುದು ದಿಲ್ಲಿಯಲ್ಲಿ, ಅದಕ್ಕೆ ಸಂಸದರು ಬಾಯಿ ಬಿಡಬೇಕು. ಆದರೆ ಒಟ್ಟು ಗಳಿಕೆ ಎಷ್ಟು, ಯಾವುದರಿಂದ ಭಾಗಿಸಿದರು, ದಿನದ ದರ ಎಷ್ಟಾಯಿತು ಅನ್ನೋ ಮೂರು ಸಾಲನ್ನು ಕನ್ನಡದಲ್ಲಿ ಬರೆದು ಅರ್ಜಿದಾರರ ಕೈಗೆ ಕೊಡಲು ಇಲ್ಲಿನ ಅಧಿಕಾರಿಗಳಿಗೆ ಏನಡ್ಡಿ? ಈಗ ಖಾತೆಗೆ ಬಂದ ದುಡ್ಡು ನೋಡಿ, ನಡುವೆ ಯಾರೋ ತಿಂದರು ಅಂತ ಅನುಮಾನ ಪಡುವವರೇ ಜಾಸ್ತಿ.

– ಪಗಾರ ಗುಮಾಸ್ತ, ಹುಬ್ಬಳ್ಳಿ